ಉಸಿರು ತಪ್ಪಿದ ಮೂಗು: ದೀರ್ಘಕಾಲದ ಟ್ರೇಕಿಯಾಸ್ಟಮಿ ಮತ್ತು ಜನಪದರ ದೇಹಕಲ್ಪನೆ

ಜನಪದ ವೈದ್ಯವನ್ನು ಕುರಿತ ನಮ್ಮ ಅಧ್ಯಯನಗಳು ಬಹುಮಟ್ಟಿಗೆ ಬೇರು, ತೊಪ್ಪಲು, ಮಂತ್ರ, ತಾಯಿತಗಳ ಸುತ್ತ ನಡೆದಿವೆ. ಆಧುನಿಕ ಶಸ್ತ್ರಚಿಕಿತ್ಸೆಯೊಂದು ಜನಪದರ ದೇಹಕಲ್ಪನೆಯ ನಡುವೆ ಬಂದು ನಿಂತಾಗ ಏನಾಗುತ್ತದೆ ಎಂಬ ಪ್ರಶ್ನೆಯನ್ನು ನಾವು ಕೇಳಿಕೊಂಡದ್ದು ಕಡಿಮೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳ ಸೀಮೆ ಆಡಳಿತದ ದೃಷ್ಟಿಯಿಂದ ಹಲವು ಬಾರಿ ಕೈಬದಲಾಗಿದೆ. ಹರಪನಹಳ್ಳಿ ೧೯೯೭ರಲ್ಲಿ ದಾವಣಗೆರೆಗೆ ಸೇರಿ ೨೦೧೮ರಲ್ಲಿ ಬಳ್ಳಾರಿಗೆ ಮರಳಿತು. ೨೦೨೧ರಿಂದ ಈ ಐದೂ ತಾಲ್ಲೂಕುಗಳು ವಿಜಯನಗರ ಜಿಲ್ಲೆಯಲ್ಲಿವೆ. ದೊಡ್ಡ ಕಾಯಿಲೆಗೆ ಇಲ್ಲಿಯವರು ಹಿಡಿಯುವ ದಾರಿ ಮಾತ್ರ ಹಳೆಯದೇ: ಹಿಂದೆ ವಿಜಯನಗರ ವೈದ್ಯಕೀಯ ವಿಜ್ಞಾನ ಸಂಸ್ಥೆ ಎನಿಸಿಕೊಂಡಿದ್ದ ಬಳ್ಳಾರಿಯ ವೈದ್ಯಕೀಯ ಕಾಲೇಜು, ದಾವಣಗೆರೆ, ಇಲ್ಲವೆ ಹುಬ್ಬಳ್ಳಿ. ಅಲ್ಲಿಂದ ಕೊರಳಿನಲ್ಲಿ ನಳಿಕೆಯಿಟ್ಟುಕೊಂಡು ಊರಿಗೆ ಮರಳುವ ರೋಗಿಗೆ ಮತ್ತು ಮನೆಯವರಿಗೆ ನಳಿಕೆಯನ್ನು ಶುಚಿಯಾಗಿಡುವ ಕ್ರಮ ಗೊತ್ತಿರುತ್ತದೆ. ಮೂಗಿನ ಮಾತು ಬರುವುದು ವಿರಳ. ಪ್ರಸ್ತುತ ಲೇಖನದ ವಸ್ತು ಆ ಮೂಗು.

ಕೊರಳಿನ ಮುಂಭಾಗದಲ್ಲಿ ಶ್ವಾಸನಾಳಕ್ಕೆ ರಂಧ್ರ ಮಾಡಿ, ಅದರಲ್ಲಿ ನಳಿಕೆಯಿಟ್ಟು ಉಸಿರಾಟಕ್ಕೆ ಹೊಸ ದಾರಿ ತೆರೆಯುವುದೇ ಟ್ರೇಕಿಯಾಸ್ಟಮಿ. ೧೯೫೨ರಲ್ಲಿ ಕೋಪನ್‌ಹೇಗನ್ ನಗರದಲ್ಲಿ ಪೋಲಿಯೋ ಹಬ್ಬಿದಾಗ ಅರಿವಳಿಕೆ ತಜ್ಞ ಬ್ಯೋರ್ನ್ ಇಬ್ಸೆನ್ ಈ ರಂಧ್ರದ ಮೂಲಕವೇ ಕೈಚೀಲ ಒತ್ತಿ ಗಾಳಿ ತುಂಬಿಸುವ ಕ್ರಮವನ್ನು ತಂದ ಮೇಲೆ ಅದರ ಬಳಕೆ ವ್ಯಾಪಕವಾಯಿತು. ತಲೆಗೆ ಬಿದ್ದ ಪೆಟ್ಟು, ಪಾರ್ಶ್ವವಾಯು, ಕೀಟನಾಶಕ ಸೇವನೆಯ ನಂತರದ ದೀರ್ಘ ಕೃತಕ ಉಸಿರಾಟ, ಗಂಟಲಿನ ಗಡ್ಡೆ ಇವು ಇದಕ್ಕೆ ಸಾಮಾನ್ಯ ಕಾರಣಗಳು. ಇಲ್ಲಿ ಒಂದು ಭೇದವನ್ನು ಗಮನಿಸಬೇಕು. ಟ್ರೇಕಿಯಾಸ್ಟಮಿಯಲ್ಲಿ ಧ್ವನಿಪೆಟ್ಟಿಗೆ ಸ್ವಸ್ಥಾನದಲ್ಲಿಯೇ ಇರುತ್ತದೆ. ಮೂಗಿಗೂ ಶ್ವಾಸಕೋಶಕ್ಕೂ ಇರುವ ಹಾದಿ ಬಳಕೆಯಿಂದ ತಪ್ಪಿರುತ್ತದೆಯೇ ಹೊರತು ಕಡಿದುಹೋಗಿರುವುದಿಲ್ಲ. ಕ್ಯಾನ್ಸರಿನಿಂದಾಗಿ ಧ್ವನಿಪೆಟ್ಟಿಗೆಯನ್ನು ಪೂರ್ತಿಯಾಗಿ ತೆಗೆದವರಲ್ಲಿ ಆ ಹಾದಿ ಶಾಶ್ವತವಾಗಿ ಮುಚ್ಚಿರುತ್ತದೆ. ಮೂಗಿನ ಸ್ಥಿತಿ ಎರಡರಲ್ಲಿಯೂ ಹೋಲುತ್ತದೆ, ಪರಿಹಾರ ಬೇರೆ.

ವಿಶ್ರಾಂತಿಯಲ್ಲಿರುವ ವಯಸ್ಕನೊಬ್ಬ ನಿಮಿಷಕ್ಕೆ ಆರರಿಂದ ಎಂಟು ಲೀಟರಿನಂತೆ ದಿನಕ್ಕೆ ಸುಮಾರು ೧೦,೦೦೦ ಲೀಟರ್ ಗಾಳಿಯನ್ನು ಒಳಗೆಳೆದುಕೊಳ್ಳುತ್ತಾನೆ. ಇದನ್ನೆಲ್ಲ ಬೆಚ್ಚಗೆ ಮಾಡಿ, ತೇವಗೊಳಿಸಿ, ಸೋಸಿ ಕಳಿಸುವ ಕೆಲಸ ಮೂಗಿನದು. ದೊಡ್ಡ ಕಣಗಳ ಧೂಳು ಬಹುಪಾಲು ಇಲ್ಲಿಯೇ ಸಿಕ್ಕಿಬೀಳುತ್ತದೆ. ಹೊರಹೋಗುವ ಉಸಿರಿನಿಂದ ತೇವ ಮತ್ತು ಬಿಸಿಯ ಒಂದು ಪಾಲನ್ನು ಮೂಗು ಮರಳಿ ಪಡೆಯುತ್ತದೆ. ಮೂಗಿನ ಸುತ್ತಲ ಎಲುಬಿನ ಪೊಟರೆಗಳಲ್ಲಿ ನೈಟ್ರಿಕ್ ಆಕ್ಸೈಡ್ ಎಂಬ ಅನಿಲ ಉತ್ಪತ್ತಿಯಾಗಿ ಉಸಿರಿನೊಡನೆ ಕೆಳಗಿಳಿದು ಶ್ವಾಸಕೋಶದ ರಕ್ತನಾಳಗಳನ್ನು ಸಡಿಲಿಸುತ್ತದೆ ಎಂಬುದನ್ನು ಸ್ವೀಡನ್ನಿನ ಸಂಶೋಧಕರು ೧೯೯೦ರ ದಶಕದಲ್ಲಿ ತೋರಿಸಿಕೊಟ್ಟರು. ಕೊರಳಿನಿಂದ ಉಸಿರಾಡುವವನಿಗೆ ಇವೆಲ್ಲವೂ ಒಮ್ಮೆಲೇ ತಪ್ಪುತ್ತವೆ. ಬೇಸಿಗೆಯಲ್ಲಿ ಉರಿಯುವ, ಮಳೆ ಕಡಿಮೆಯಾದ ಈ ಬಯಲುಸೀಮೆಯಲ್ಲಿ ಒಣಗಾಳಿ ನೇರವಾಗಿ ಶ್ವಾಸನಾಳಕ್ಕಿಳಿದರೆ ಕಫ ಗಟ್ಟಿಯಾಗಿ ನಳಿಕೆಗೆ ಬೆಣೆಯಂತೆ ಕೂರುವ ಅಪಾಯ ಹೆಚ್ಚು.

ಗಾಳಿಯಿಲ್ಲದ ಮೂಗು ಒಣಗಿಹೋಗುತ್ತದೆ ಎಂದು ಸಾಮಾನ್ಯವಾಗಿ ಊಹಿಸಲಾಗುತ್ತದೆ. ವಾಸ್ತವ ಅಷ್ಟು ಸರಳವಲ್ಲ. ಒಣಗಿಸುವ ಗಾಳಿಯೇ ಇಲ್ಲದ್ದರಿಂದ ಲೋಳೆ ಒಳಗೇ ನಿಲ್ಲುತ್ತದೆ. ಸೀನುವ ರಭಸ, ಸೀಟುವ ಬಲ, ಒಳಗೆಳೆದುಕೊಳ್ಳುವ ಶಕ್ತಿ ಯಾವುದೂ ಉಳಿಯದ್ದರಿಂದ ಮೂಗು ತಾನಾಗಿ ಸೋರುತ್ತಿರುವುದೂ ಉಂಟು. ಲೋಳೆಯನ್ನು ಗಂಟಲಿನ ಕಡೆಗೆ ತಳ್ಳುವ ಸೂಕ್ಷ್ಮ ರೋಮಗಳ ಚಲನೆಯ ಬಗ್ಗೆ ಅಧ್ಯಯನಗಳಲ್ಲಿ ಒಮ್ಮತವಿಲ್ಲ. ಕೆಲವು ಅದು ಮಂದವಾಗುತ್ತದೆಂದರೆ ಕೆಲವು ಹೆಚ್ಚುಕಡಿಮೆ ಮೊದಲಿನಂತೆಯೇ ಇರುತ್ತದೆನ್ನುತ್ತವೆ. ನಿರ್ವಿವಾದವಾದ ನಷ್ಟ ವಾಸನೆಯದು. ವಾಸನೆಯ ನರ ಸತ್ತಿರುವುದಿಲ್ಲ. ಮೂಗಿನ ಮೇಲ್ಭಾಗದಲ್ಲಿರುವ ಅದರ ತಾಣಕ್ಕೆ ಗಾಳಿ ಮುಟ್ಟುವುದಿಲ್ಲ, ಅಷ್ಟೆ.

ಈ ಸೀಮೆಯಲ್ಲಿ ಇದೇನೂ ಸಣ್ಣ ನಷ್ಟವಲ್ಲ. ಹಡಗಲಿ ತನ್ನ ಹೆಸರಿನಲ್ಲಿಯೇ ಹೂವನ್ನು ಹೊತ್ತ ಊರು. ಇಲ್ಲಿಂದ ಹಂಪಿಗೆ ಹೂವು ಹೋಗುತ್ತಿತ್ತೆಂಬ ಐತಿಹ್ಯವಿದೆ. ಇಲ್ಲಿಯ ಮಲ್ಲಿಗೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ದೊರೆತಿದೆ. ಮಲ್ಲಿಗೆ ಕಟ್ಟುವ ಕೈಗೆ ಅದರ ಪರಿಮಳ ತಿಳಿಯದಿರುವ ಸ್ಥಿತಿಯನ್ನು ವೈದ್ಯಕೀಯ ದಾಖಲೆ ಒಂದು ಸಾಲಿನಲ್ಲಿ ಮುಗಿಸುತ್ತದೆ. ಊಟದ ಮಾತೂ ಹೀಗೆಯೇ. ನಾವು ರುಚಿ ಎನ್ನುವುದರ ದೊಡ್ಡ ಪಾಲು ಬಾಯಿಯ ಹಿಂದಿನಿಂದ ಮೂಗಿಗೇರುವ ವಾಸನೆ. ಕೊಟ್ಟೂರಿನ ಮೆಣಸಿನಕಾಯಿ, ಮಂಡಕ್ಕಿಯನ್ನು ತಿಂದರೆ ಅಂಥವರಿಗೆ ಖಾರ ಹತ್ತುತ್ತದೆ, ಉಪ್ಪು ತಿಳಿಯುತ್ತದೆ, ಒಗ್ಗರಣೆ ತಿಳಿಯುವುದಿಲ್ಲ. ‘ಬಾಯಿ ಕೆಟ್ಟಿದೆ’ ಎಂದು ಮನೆಯವರು ಪಥ್ಯ ಬದಲಿಸುತ್ತಾರೆ, ಕೆಟ್ಟಿರುವುದು ಬಾಯಲ್ಲ. ಹಳಸಿದ ಅನ್ನ, ಸೋರುವ ಗ್ಯಾಸು, ಹತ್ತಿದ ಬಟ್ಟೆಯ ಕಮಟು ಇವುಗಳ ಮುನ್ಸೂಚನೆಯೂ ಅವರಿಗೆ ಸಿಗದು.

ಜನಪದರ ಮಾತಿನಲ್ಲಿ ಮೂಗು ಮರ್ಯಾದೆಯ ಅಂಗ. ಮೂಗು ಮುರಿಯುವುದು, ಮೂಗು ತೂರಿಸುವುದು, ಮೂಗಿನ ಮೇಲೆ ಬೆರಳಿಡುವುದು, ಮೂಗಿಗಿಂತ ಮೂಗುತಿ ಭಾರವಾಗುವುದು ಎಲ್ಲವೂ ಸಂಬಂಧಗಳ ಮಾತೇ. ಭಾಷೆಯ ದೃಷ್ಟಿಯಿಂದ ಇನ್ನೊಂದು ಸಂಗತಿಯನ್ನು ಇಲ್ಲಿ ಹೇಳಬಹುದು. ‘ಮೂಗು’ ತಮಿಳಿನ ಮೂಕ್ಕು, ತೆಲುಗಿನ ಮುಕ್ಕುಗಳ ಬಳಗದ ದ್ರಾವಿಡ ಪದ. ‘ಮೂಗ’ ಸಂಸ್ಕೃತದ ಮೂಕದ ತದ್ಭವ. ನಂಟಿಲ್ಲದ ಈ ಎರಡು ಪದಗಳು ಕೊರಳಿಗೆ ನಳಿಕೆ ಬಿದ್ದವನಲ್ಲಿ ಒಂದಾಗುತ್ತವೆ: ಉಸಿರು ಧ್ವನಿತಂತುಗಳನ್ನು ದಾಟದ್ದರಿಂದ ಅವನ ಮಾತೂ ನಿಲ್ಲುತ್ತದೆ. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಯಲ್ಲಿ ಉಪವಾಸವಿದ್ದ ಗೊರವಯ್ಯ ಬಿಲ್ಲನ್ನೇರಿ ನುಡಿಯುವ ಕಾರಣಿಕಕ್ಕೆ ಸಾವಿರಾರು ಜನ ಉಸಿರು ಬಿಗಿಹಿಡಿದು ಕಾಯುತ್ತಾರೆ. ನುಡಿಯೇ ದೈವವಾಗಿರುವ ಪರಿಸರದಲ್ಲಿ ನುಡಿ ತಪ್ಪಿದವನ ಪಾಡು ಬರಿಯ ಆರೋಗ್ಯದ ಪ್ರಶ್ನೆಯಾಗಿ ಉಳಿಯುವುದಿಲ್ಲ.

ದೇಹಕಲ್ಪನೆ ಪ್ರಾಣಕ್ಕೆ ಎರವಾಗುವ ಸಂದರ್ಭವೂ ಇದೆ. ಜೀವ ಇದೆಯೇ ಎಂದು ನೋಡಲು ನಮ್ಮವರು ಮೂಗಿನ ಬಳಿ ಬೆರಳು ಹಿಡಿಯುತ್ತಾರೆ. ನಳಿಕೆಯಿದ್ದವನಲ್ಲಿ ಈ ಪರೀಕ್ಷೆ ಸುಳ್ಳು ಹೇಳುತ್ತದೆ; ಬೆರಳು ಹಿಡಿಯಬೇಕಾದದ್ದು ಕೊರಳಿನ ಬಳಿ. ಕಟ್ಟಿಕೊಂಡ ನಳಿಕೆಯನ್ನು ಮೊದಲು ತೆರವು ಮಾಡಬೇಕು, ಉಸಿರು ಕೊಡುವುದಿದ್ದರೂ ಮೊದಲು ಅಲ್ಲಿಯೇ. ನೆಗಡಿಯಾದಾಗ ಮುಸುಕು ಹಾಕಿ ಮುಖಕ್ಕೆ ಕೊಡುವ ಹಬೆ ಶ್ವಾಸಕೋಶವನ್ನು ಮುಟ್ಟದು. ತೇವ ಬೇಕಾಗಿರುವುದು ನಳಿಕೆಯ ಬಾಯಿಗೆ, ಅದಕ್ಕೆಂದೇ ಉಸಿರಿನ ತೇವವನ್ನು ಹಿಡಿದಿಡುವ ಸಣ್ಣ ಸೋಸುಕಗಳಿವೆ. ಲೋಬಾನದ ಹೊಗೆ, ಒಕ್ಕಣೆಯ ಧೂಳು, ಮೈಲಾರದಲ್ಲಿ ತೂರುವ ಭಂಡಾರ ಇವು ಬೇರೆಯವರಿಗೆ ಮೂಗಿನಲ್ಲಿ ನಿಂತರೆ ಇವನಿಗೆ ನೇರವಾಗಿ ಎದೆಗಿಳಿಯುತ್ತವೆ. ಗಾಳಿಯಾಡುವ ತೆಳು ಬಟ್ಟೆಯನ್ನು ಕೊರಳಿಗೆ ಸಡಿಲವಾಗಿ ಇಳಿಬಿಡುವುದು ಒಳ್ಳೆಯದು. ನಾಚಿಕೆಯಿಂದ ಸೆರಗನ್ನು ಬಿಗಿಯಾಗಿ ಸುತ್ತುವುದು ಕುತ್ತು.

ಮೂಗನ್ನು ಮರಳಿ ಕೆಲಸಕ್ಕೆ ಹಚ್ಚಲು ದಾರಿಗಳಿವೆ. ಧ್ವನಿಪೆಟ್ಟಿಗೆ ಇರುವವರಿಗೆ ಮಾತಿನ ಕವಾಟ ನೆರವಾಗುತ್ತದೆ. ಸ್ವತಃ ಕೃತಕ ಉಸಿರಾಟದಲ್ಲಿದ್ದ ಅಮೆರಿಕದ ಡೇವಿಡ್ ಮ್ಯೂರ್ ೧೯೮೦ರ ದಶಕದಲ್ಲಿ ರೂಪಿಸಿದ ಕವಾಟ ಇವುಗಳಲ್ಲಿ ಪ್ರಸಿದ್ಧವಾದುದು. ಒಳಗೆಳೆದ ಉಸಿರು ಕೊರಳಿನಿಂದಲೇ ಬರುತ್ತದೆ, ಹೊರಹೋಗುವುದು ಮಾತ್ರ ಗಂಟಲು, ಮೂಗುಗಳ ಮೂಲಕ. ಮಾತಿನೊಡನೆ ವಾಸನೆಯೂ ತಕ್ಕಮಟ್ಟಿಗೆ ಮರಳುತ್ತದೆ. ನಳಿಕೆಯ ಸುತ್ತಲ ಬುಗ್ಗೆಯಲ್ಲಿ ಗಾಳಿ ತುಂಬಿರುವಾಗ ಈ ಕವಾಟ ಹಾಕಿದರೆ ಉಸಿರು ಹೊರಬರಲು ದಾರಿಯೇ ಇಲ್ಲದೆ ಜೀವಕ್ಕೆ ಅಪಾಯ. ವೈದ್ಯರ ಅಪ್ಪಣೆಯಿಲ್ಲದೆ ಇದನ್ನು ಬಳಸತಕ್ಕದ್ದಲ್ಲ.

ಧ್ವನಿಪೆಟ್ಟಿಗೆ ಇಲ್ಲದವರಿಗಾಗಿ ಹಾಲೆಂಡಿನ ವೈದ್ಯ ಫ್ರಾನ್ಸ್ ಹಿಲ್ಗರ್ಸ್ ಮತ್ತು ಸಂಗಡಿಗರು ೨೦೦೦ದ ಸುಮಾರಿಗೆ ಒಂದು ಅಭ್ಯಾಸವನ್ನು ಪ್ರಚುರಪಡಿಸಿದರು. ತುಟಿ ಮುಚ್ಚಿಯೇ ಕೆಳದವಡೆಯನ್ನೂ ನಾಲಗೆಯ ಬುಡವನ್ನೂ ಕೆಳಗೆಳೆದರೆ ಬಾಯೊಳಗೆ ಎಳೆತ ಹುಟ್ಟಿ ಮೂಗಿನಿಂದ ಗಾಳಿ ಒಳಬರುತ್ತದೆ. ಅವರ ಮೊದಲ ಅಧ್ಯಯನದಲ್ಲಿ ವಾಸನೆ ಕಳೆದುಕೊಂಡಿದ್ದವರಲ್ಲಿ ಅರ್ಧಕ್ಕೆ ಸಮೀಪದಷ್ಟು ಜನ ಅದನ್ನು ಮರಳಿ ಪಡೆದರು. ಇದನ್ನು ‘ವಿನಯದ ಆಕಳಿಕೆ’ ಎಂದೇ ಕರೆಯಲಾಗಿದೆ. ಆಕಳಿಸುವಾಗ ಪ್ರಾಣ ಹಾರದಿರಲೆಂದು ಬಾಯ ಮುಂದೆ ಚಿಟಿಕೆ ಹೊಡೆಯುವ, ಹಿರಿಯರೆದುರು ತುಟಿ ಬಿಗಿದು ಆಕಳಿಕೆ ನುಂಗುವ ರೂಢಿ ನಮ್ಮಲ್ಲಿ ಬಲ್ಲದ್ದೇ. ದವಡೆ, ನಾಲಗೆಗಳ ಅಂಗರಚನೆ ವಿವರಿಸುವುದಕ್ಕಿಂತ ‘ಹಿರಿಯರ ಮುಂದೆ ಆಕಳಿಸಿದಂತೆ ಮಾಡು’ ಎಂದರೆ ಇಲ್ಲಿಯ ರೋಗಿಗೆ ಬೇಗ ತಿಳಿದೀತು. ಕೈಯಲ್ಲೊಂದು ಮೊಳ ಮಲ್ಲಿಗೆ ಹಿಡಿದು, ಒಂದೇ ಸಲಕ್ಕೆ ಹಲವು ಬಾರಿ, ದಿನವೂ ಇದನ್ನು ಅಭ್ಯಾಸ ಮಾಡಬಹುದು.