‘ಸಾರ್ವಜನಿಕ ಮನೆ’ಯಲ್ಲಿ ಮಕ್ಕಳಿಗೆಷ್ಟು ಜಾಗ?

‘ಪಬ್’ ಎಂಬುದು ‘ಪಬ್ಲಿಕ್ ಹೌಸ್’ ಎಂಬುದರ ಹ್ರಸ್ವರೂಪ. ಕನ್ನಡಿಸಿದರೆ ಸಾರ್ವಜನಿಕ ಮನೆ. ನಮ್ಮಲ್ಲಿ ಪಬ್ ಎಂದೊಡನೆ ಮಬ್ಬು ಬೆಳಕು, ಕಿವಿಗಡಚಿಕ್ಕುವ ಸಂಗೀತ, ಯುವಜನರ ಗುಂಪು ಕಣ್ಣ ಮುಂದೆ ಬರುತ್ತವೆ. ಅದು ಹುಟ್ಟಿ ಬೆಳೆದ ಬ್ರಿಟನ್ನಿನಲ್ಲಿ ಪಬ್ ಎಂದರೆ ಪಾನಗೃಹ ಮಾತ್ರವಲ್ಲ. ಅದು ಹಳ್ಳಿಯ ಅರಳಿಕಟ್ಟೆ, ನೆರೆಹೊರೆಯವರ ಹರಟೆಯ ಜಗಲಿ, ಭಾನುವಾರದ ಊಟದ ಮನೆ. ಅಜ್ಜ-ಅಜ್ಜಿಯರಿಂದ ಮೊಮ್ಮಕ್ಕಳವರೆಗೆ ಇಡೀ ಕುಟುಂಬ ಒಂದೇ ಮೇಜಿನ ಸುತ್ತ ಕುಳಿತು ಊಟ ಮಾಡುವ ಪದ್ಧತಿ ಅಲ್ಲಿ ಇಂದಿಗೂ ಉಳಿದಿದೆ. ಅಂದಿನ ಪ್ರಧಾನಿ ಡೇವಿಡ್ ಕ್ಯಾಮರೂನ್ ದಂಪತಿ ಬಕಿಂಗ್‌ಹ್ಯಾಮ್‌ಷೈರ್‌ನ ಪಬ್ಬೊಂದರಲ್ಲಿ ಭಾನುವಾರದ ಊಟ ಮುಗಿಸಿ ಹೊರಡುವಾಗ ಎಂಟು ವರ್ಷದ ಮಗಳನ್ನು ಅಲ್ಲಿಯೇ ಮರೆತು ಬಂದಿದ್ದ ಸಂಗತಿ 2012ರಲ್ಲಿ ಬಯಲಾಗಿತ್ತು. ಮಗಳು ಇನ್ನೊಬ್ಬರ ಕಾರಿನಲ್ಲಿದ್ದಾಳೆಂದು ತಂದೆಯೂ ತಾಯಿಯೂ ಭಾವಿಸಿದ್ದರು. ಬಾಲಕಿ ಪಬ್ಬಿನಲ್ಲಿ ಸುರಕ್ಷಿತವಾಗಿದ್ದಳು. ಪ್ರಧಾನಿಯ ಮರೆವು ಸುದ್ದಿಯಾಯಿತೇ ಹೊರತು, ಮಗುವನ್ನು ಪಬ್ಬಿಗೆ ಕರೆದೊಯ್ದದ್ದು ಸುದ್ದಿಯಾಗಲಿಲ್ಲ.

ಹೀಗಿದ್ದರೂ ಮಕ್ಕಳೊಂದಿಗೆ ಪಬ್ಬಿನ ಬಾಗಿಲು ತಳ್ಳುವ ಕುಟುಂಬಕ್ಕೆ ಒಳಗೆ ಎಂಥ ಉಪಚಾರ ದೊರೆತೀತು ಎಂಬುದು ಅದೃಷ್ಟದ ಮಾತಾಗಿಯೇ ಉಳಿದಿದೆ. ಕೆಲವು ವರ್ಷಗಳ ಹಿಂದೆ ಹಾಸನದಿಂದ ನಮ್ಮಲ್ಲಿಗೆ ಬಂದಿದ್ದ ತಾಯಿ, ಪತ್ನಿ, ನಾಲ್ಕು ವರ್ಷದ ಮಗಳು ಹಾಗೂ ಏಳು ತಿಂಗಳ ಮಗನೊಡನೆ ಇಂಗ್ಲೆಂಡಿನ ಹಳ್ಳಿಯೊಂದರಲ್ಲಿ ಅಡ್ಡಾಡುತ್ತಿದ್ದಾಗ ಮಳೆ ಹಿಡಿಯಿತು. ಎದುರಿಗಿದ್ದ ಪಬ್ಬಿನ ಮುಂದೆ ‘ಕುಟುಂಬಗಳಿಗೆ ಸ್ವಾಗತ’ ಎಂಬ ಫಲಕವಿತ್ತು. ಒಳಗೆ ಹೋದೆವು. ಕೌಂಟರಿನಾತ ಮೊದಲು ನೋಡಿದ್ದು ಮಗುವಿನ ತಳ್ಳುಗಾಡಿಯನ್ನು. ನಮ್ಮ ನಂತರ ಬಂದ ಇಬ್ಬರಿಗೆ ಗ್ಲಾಸು ತುಂಬಿ ಕೊಟ್ಟ ಮೇಲೆ ನಮ್ಮತ್ತ ತಿರುಗಿದ. ಅಗ್ಗಿಷ್ಟಿಕೆಯ ಬಳಿ ಮೇಜು ಖಾಲಿಯಿದ್ದರೂ ಶೌಚಾಲಯದ ಬಾಗಿಲ ಪಕ್ಕದ ಮೇಜು ತೋರಿಸಿದ. ಮಕ್ಕಳಿಗೆ ಇದ್ದದ್ದು ಕೋಳಿ ತುಣುಕು, ಮೀನಿನ ತುಣುಕು, ಆಲೂಗಡ್ಡೆ ಚಿಪ್ಸ್. ಸಸ್ಯಾಹಾರಿ ಊಟದಲ್ಲಿ ಅರ್ಧ ಕೊಡುವಿರಾ ಎಂದದ್ದಕ್ಕೆ ‘ಆಗದು’ ಎಂಬ ಒಂದೇ ಪದ. ಮಗನ ಹಾಲಿನ ಬಾಟಲಿ ಬೆಚ್ಚಗೆ ಮಾಡಿಕೊಳ್ಳಲು ಒಂದು ಲೋಟ ಬಿಸಿನೀರು ಕೇಳಿದಾಗ ಸುರಕ್ಷತಾ ನಿಯಮ ಅದಕ್ಕೆ ಅವಕಾಶ ಕೊಡುವುದಿಲ್ಲವೆಂದ. ಅದೇ ಹೊತ್ತಿನಲ್ಲಿ ಪಕ್ಕದ ಮೇಜಿಗೆ ಹಬೆಯಾಡುವ ಚಹಾ ಹೋಯಿತು. ನಾನು ನಡೆದದ್ದನ್ನು ಅಮ್ಮನಿಗೆ ಹೇಳಿದಾಗ ಅವರು ಕೇಳಿದ್ದು ಇಷ್ಟೇ: ‘ಕೂಸಿಗೆ ಒಂದ್ ಲೋಟ ಬಿಸಿನೀರು ಕೊಡಕ್ಕೂ ಕಾನೂನು ಕೇಳ್ತಾರೇನೋ?’

ಅಮ್ಮನ ಪ್ರಶ್ನೆಗೆ ಉತ್ತರ ಹುಡುಕಿದರೆ ಸಿಗುವುದು ಒಂದು ಶತಮಾನಕ್ಕೂ ಹೆಚ್ಚಿನ ಇತಿಹಾಸ. ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಇಂಗ್ಲೆಂಡಿನ ಮಕ್ಕಳು ಪಬ್ಬಿಗೆ ಹೂಜಿ ಹಿಡಿದು ಹೋಗಿ ಅಪ್ಪನಿಗೆ ಬಿಯರ್ ತರುವುದು ಸಾಮಾನ್ಯವಾಗಿತ್ತು. 1901ರ ಕಾಯಿದೆ, ಮುದ್ರೆ ಹಾಕಿದ ಪಾತ್ರೆಯಲ್ಲಲ್ಲದೆ 14 ವರ್ಷದೊಳಗಿನವರ ಕೈಗೆ ಮದ್ಯ ಕೊಡಬಾರದೆಂದಿತು. 1908ರ ಮಕ್ಕಳ ಕಾಯಿದೆ ಇನ್ನೂ ಮುಂದೆ ಹೋಗಿ, ಆ ವಯಸ್ಸಿನ ಮಕ್ಕಳು ಪಬ್ಬಿನ ಬಾರ್ ಕೋಣೆಗೆ ಕಾಲಿಡುವುದನ್ನೇ ನಿಷೇಧಿಸಿತು. ಮಕ್ಕಳ ದುಡಿಮೆ, ಹಸಿವು, ತಂದೆ-ತಾಯಿಯರ ಕುಡಿತ ಇವೆಲ್ಲವನ್ನೂ ಕಂಡ ಸುಧಾರಕರಿಗೆ ಈ ನಿಷೇಧ ಅಗತ್ಯವಾಗಿ ಕಂಡದ್ದು ಸಹಜ. ಉದ್ದೇಶ ಒಳ್ಳೆಯದೇ. ಪರಿಣಾಮ ಮಾತ್ರ ಬೇರೆಯಾಯಿತು. ಅಪ್ಪ-ಅಮ್ಮ ಒಳಗಿದ್ದರೆ ಮಕ್ಕಳು ಹಿತ್ತಲಿನಲ್ಲೋ, ಬಾಗಿಲ ಮೆಟ್ಟಿಲ ಮೇಲೋ, ಮುಂದೆ ಕಾರು ಬಂದ ಕಾಲಕ್ಕೆ ಕಾರಿನ ಹಿಂದಿನ ಸೀಟಿನಲ್ಲೋ ಚಿಪ್ಸ್ ಪೊಟ್ಟಣ ಹಿಡಿದು ಕಾಯುವುದು ರೂಢಿಯಾಯಿತು. ಇಂದು ಅರವತ್ತು ದಾಟಿದ ಅನೇಕ ಆಂಗ್ಲರ ಬಾಲ್ಯದ ನೆನಪುಗಳಲ್ಲಿ ಈ ಕಾಯುವಿಕೆಯೂ ಒಂದು.

ಬಿಹಾರದ ಮೋತಿಹಾರಿಯಲ್ಲಿ ಜನಿಸಿದ ಲೇಖಕ ಜಾರ್ಜ್ ಆರ್ವೆಲ್ 1946ರ ಫೆಬ್ರುವರಿಯಲ್ಲಿ ಲಂಡನ್ನಿನ ‘ಈವ್ನಿಂಗ್ ಸ್ಟ್ಯಾಂಡರ್ಡ್’ ಪತ್ರಿಕೆಗೆ ಬರೆದ ‘ದ ಮೂನ್ ಅಂಡರ್ ವಾಟರ್’ ಎಂಬ ಪ್ರಬಂಧದಲ್ಲಿ ತಮ್ಮ ಕಲ್ಪನೆಯ ಆದರ್ಶ ಪಬ್ಬನ್ನು ಚಿತ್ರಿಸಿದ್ದಾರೆ. ಅದರ ತೋಟದಲ್ಲಿ ಮಕ್ಕಳಿಗೆ ಜೋಕಾಲಿಯಿದೆ. ಮಕ್ಕಳು ಮೆಲ್ಲನೆ ಒಳಗೂ ನುಸುಳುತ್ತಾರೆ. ಮಕ್ಕಳನ್ನು, ಅವರೊಂದಿಗೆ ಒಂದು ಮಟ್ಟಿಗೆ ಮಹಿಳೆಯರನ್ನೂ ದೂರವಿಟ್ಟದ್ದರಿಂದಲೇ ಪಬ್ಬುಗಳು ಕುಟುಂಬಗಳು ಕೂಡುವ ತಾಣವಾಗದೆ ಕುಡಿತದ ಅಂಗಡಿಗಳಾದವು ಎಂಬುದು ಆರ್ವೆಲ್ ವಾದ. ಪತ್ನಿಯನ್ನು ಹಿಂದಿನ ವರ್ಷವಷ್ಟೇ ಕಳೆದುಕೊಂಡು, ಎರಡು ವರ್ಷವೂ ತುಂಬದ ದತ್ತುಪುತ್ರನನ್ನು ಸಾಕುತ್ತಿದ್ದ ದಿನಗಳಲ್ಲಿ ಅವರು ಇದನ್ನು ಬರೆದರೆಂಬುದು ಗಮನಾರ್ಹ.

ಕಾನೂನು ಆರ್ವೆಲ್ ಮಾತಿನತ್ತ ಹೊರಳಲು ಸುಮಾರು ಐದು ದಶಕ ಬೇಕಾಯಿತು. 1964ರ ಪರವಾನಗಿ ಕಾಯಿದೆಯೂ 14ರೊಳಗಿನವರನ್ನು ಬಾರ್ ಕೋಣೆಯಿಂದ ಹೊರಗಿಟ್ಟಿತ್ತು. ಇದಕ್ಕೆ ಪರಿಹಾರವಾಗಿ ಅನೇಕ ಪಬ್ಬುಗಳು ಬಾರ್ ಇಲ್ಲದ ಹಿಂಬದಿಯ ಕೋಣೆಯೊಂದನ್ನು ‘ಫ್ಯಾಮಿಲಿ ರೂಮ್’ ಎಂದು ಮೀಸಲಿಟ್ಟವು. ಚಳಿಗಾಲದಲ್ಲಿ ಬೆಂಕಿ ಕಾಣದ, ಮುರಿದ ಕುರ್ಚಿಗಳು ಸೇರುವ ಕೋಣೆ ಹಲವೆಡೆ ಅದೇ ಆಗಿರುತ್ತಿತ್ತು. 1995ರಿಂದ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ವಿಶೇಷ ಪ್ರಮಾಣಪತ್ರ ಪಡೆದ ಪಬ್ಬುಗಳು ರಾತ್ರಿ 9ರವರೆಗೆ, ದೊಡ್ಡವರ ಜೊತೆ ಬಂದ ಮಕ್ಕಳನ್ನು ಬಾರ್ ಕೋಣೆಗೆ ಬಿಟ್ಟುಕೊಳ್ಳಲು ಅವಕಾಶವಾಯಿತು. 2005ರ ನವೆಂಬರಿನಲ್ಲಿ ಜಾರಿಗೆ ಬಂದ 2003ರ ಪರವಾನಗಿ ಕಾಯಿದೆ ಹಳೆಯ ನಿಷೇಧವನ್ನು ಕಿತ್ತುಹಾಕಿತು. ಮುಖ್ಯವಾಗಿ ಮದ್ಯ ಸೇವನೆಗೇ ಮೀಸಲಾದ ಸ್ಥಳಕ್ಕೆ 16 ವರ್ಷದೊಳಗಿನವರು ಹಿರಿಯರಿಲ್ಲದೆ ಬರುವಂತಿಲ್ಲ. ಜೊತೆಗೆ ಹಿರಿಯರಿದ್ದರೆ ಬಿಡುವುದೂ ಬಿಡದಿರುವುದೂ ಸಾಮಾನ್ಯವಾಗಿ ಪಬ್ ಮಾಲೀಕನ ವಿವೇಚನೆಗೆ, ಆತನ ಪರವಾನಗಿಯ ಷರತ್ತುಗಳಿಗೆ ಸೇರಿದ್ದು. 2007ರ ಜುಲೈ 1ರಿಂದ ಇಂಗ್ಲೆಂಡಿನ ಪಬ್ಬುಗಳ ಒಳಗೆ ಧೂಮಪಾನವೂ ನಿಂತಿತು. ಮಕ್ಕಳನ್ನು ಕರೆತರಲು ಇದ್ದ ದೊಡ್ಡ ಅಳುಕೂ ಅದರೊಂದಿಗೆ ಹೋಯಿತು.

ಅಂದರೆ ಇಂದು ಕುಟುಂಬವನ್ನು ಬಾಗಿಲಿನಿಂದ ಹಿಂದಕ್ಕೆ ಕಳುಹಿಸುತ್ತಿರುವುದು ಬಹುಮಟ್ಟಿಗೆ ಕಾನೂನಲ್ಲ, ಧೋರಣೆ. ‘ಕಾನೂನು ಬಿಡುವುದಿಲ್ಲ’ ಎಂದು ಕೌಂಟರಿನ ಹಿಂದಿನಿಂದ ಬರುವ ಉತ್ತರ ಅನೇಕ ಸಲ ಆ ಮನೆಯ ಸ್ವಂತ ನಿಯಮವಷ್ಟೇ. ಕಾನೂನು ನಿಜವಾಗಿ ಹೇಳುವ ಮಾತುಗಳು ಬೇರೆಯೇ ಇವೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2010ರಿಂದ, ಕುಳಿತು ಕುಡಿಯುವ ಪರವಾನಗಿಯುಳ್ಳ ಸ್ಥಳಗಳು ಕೇಳಿದ ಗ್ರಾಹಕರಿಗೆ ನಲ್ಲಿಯ ನೀರನ್ನು ಉಚಿತವಾಗಿ ಕೊಡಬೇಕು. 2010ರ ಸಮಾನತಾ ಕಾಯಿದೆಯ ಪ್ರಕಾರ ಮಗುವಿಗೆ ಎದೆಹಾಲು ಕೊಡುತ್ತಿರುವಳೆಂಬ ಕಾರಣಕ್ಕೆ ತಾಯಿಯನ್ನು ಹೊರಗೆ ಕಳುಹಿಸುವಂತಿಲ್ಲ. ಸ್ಕಾಟ್ಲೆಂಡ್ ಇನ್ನೊಂದು ಹೆಜ್ಜೆ ಮುಂದಿದೆ. ಐದು ವರ್ಷದೊಳಗಿನ ಮಕ್ಕಳನ್ನು ಬಿಟ್ಟುಕೊಳ್ಳುವ ಪಬ್ಬುಗಳು ಮಗುವಿನ ಡಯಾಪರ್ ಬದಲಿಸಲು, ತಂದೆಯೂ ತಾಯಿಯೂ ಬಳಸಬಹುದಾದ ಸೌಲಭ್ಯ ಒದಗಿಸಬೇಕೆಂಬುದು ಅಲ್ಲಿನ ಪರವಾನಗಿಯ ಷರತ್ತು. ಇಂಗ್ಲೆಂಡಿನಲ್ಲಿ ಆ ಹಲಗೆ ಮಹಿಳೆಯರ ಶೌಚಾಲಯದಲ್ಲಿ ಮಾತ್ರ ಇರುವ ಪಬ್ಬುಗಳು ಇನ್ನೂ ಸಿಗುತ್ತವೆ. ಮಗುವನ್ನು ಒಬ್ಬನೇ ಕರೆತಂದ ತಂದೆ ಕಾರಿನ ಸೀಟನ್ನೇ ಆಶ್ರಯಿಸಬೇಕು.

ಹಾಗೆಂದು ದೋಷವನ್ನೆಲ್ಲ ಪಬ್ಬಿನವರ ತಲೆಗೆ ಕಟ್ಟುವುದು ನ್ಯಾಯವಲ್ಲ. ಭಾನುವಾರ ಮಧ್ಯಾಹ್ನ ಸಣ್ಣ ಅಡುಗೆಮನೆಗೆ ಎಲ್ಲ ಮೇಜುಗಳ ಬೇಡಿಕೆಯೂ ಒಟ್ಟಿಗೆ ಬರುತ್ತದೆ. ಇಬ್ಬರು ಅಡುಗೆಯವರು, ಕಾಲೇಜಿಗೆ ಹೋಗುತ್ತ ವಾರಾಂತ್ಯಕ್ಕೆ ದುಡಿಯುವ ಇಬ್ಬರು ಹುಡುಗಿಯರು ಅಷ್ಟನ್ನೂ ನಿಭಾಯಿಸಬೇಕು. ಕೈತುಂಬ ಬಿಸಿ ತಟ್ಟೆಗಳನ್ನು ಹಿಡಿದು ಬರುವವರ ಕಾಲಿಗೆ ಅಡ್ಡಲಾಗಿ ಮಗು ಓಡಿದರೆ ಆಗುವ ಅನಾಹುತಕ್ಕೆ ಉತ್ತರ ಹೇಳಬೇಕಾದವರೂ ಅವರೇ. ಎರಡನೆಯ, ಮೂರನೆಯ ಗ್ಲಾಸಿಗೆ ಹೋಗಿ ಮಕ್ಕಳನ್ನು ಮರೆತು ಕೂರುವ ಪೋಷಕರನ್ನು ನಾನೂ ಕಂಡಿದ್ದೇನೆ. ವಾರವಿಡೀ ಒಂಟಿಯಾಗಿದ್ದು, ಪತ್ರಿಕೆ ಹಿಡಿದು ಮೂಲೆಯಲ್ಲಿ ಶಾಂತವಾಗಿ ಕೂರಲೆಂದೇ ಬರುವ ಮುದುಕನಿಗೂ ಆ ಮನೆಯಲ್ಲಿ ಹಕ್ಕಿದೆ. ವಯಸ್ಕರಿಗೆ ಮಾತ್ರ ಎಂದು ನಿರ್ಧರಿಸುವ ಪಬ್ಬಿನ ಬಗ್ಗೆ ನನ್ನ ತಕರಾರಿಲ್ಲ. ಅದನ್ನು ಬಾಗಿಲಲ್ಲೇ ಬರೆದರೆ ಸಾಕು, ಮಳೆಯಲ್ಲಿ ಇನ್ನೊಂದು ಬಾಗಿಲು ಹುಡುಕಿಕೊಂಡೇವು. ಹೊರಗೆ ಸ್ವಾಗತದ ಫಲಕ ತೂಗಿಸಿ ಒಳಗೆ ಮುಖ ಗಂಟಿಕ್ಕುವುದು ಮಾತ್ರ ಸಲ್ಲದು.

ವ್ಯಾಪಾರದ ದೃಷ್ಟಿಯಿಂದಲೂ ಇದು ವಿವೇಕವಲ್ಲ. 2000ದಲ್ಲಿ ಬ್ರಿಟನ್ನಿನಲ್ಲಿ ಸುಮಾರು 60,000 ಪಬ್ಬುಗಳಿದ್ದವು. ಇತ್ತೀಚಿನ ವರ್ಷಗಳಲ್ಲಿ ಅವು 45,000ದ ಆಸುಪಾಸಿಗೆ ಇಳಿದಿವೆ. ಅಂಗಡಿಗಳಲ್ಲಿ ಸಿಗುವ ಅಗ್ಗದ ಬಿಯರ್, ಏರಿದ ತೆರಿಗೆ ಮತ್ತು ಬಾಡಿಗೆ, 2020ರ ಮಾರ್ಚಿನಲ್ಲಿ ಕೋವಿಡ್ ಮುಚ್ಚಿಸಿದ ಬಾಗಿಲುಗಳು, ನಂತರದ ವಿದ್ಯುತ್-ಅನಿಲ ದರ ಹೀಗೆ ಕಾರಣಗಳು ಹಲವು. ಬರಿಯ ಬಿಯರ್ ಮಾರಿ ಬದುಕುವ ಕಾಲ ಮುಗಿದು, ಊಟವೇ ಆಧಾರವಾಗಿರುವ ಪಬ್ಬುಗಳು ಅಸಂಖ್ಯ. ಊಟಕ್ಕೆ ಬರುವವರು ಕುಟುಂಬದವರು. ಇಂದು ಶೌಚಾಲಯದ ಪಕ್ಕ ಕೂರಿಸಲ್ಪಟ್ಟ ಮಗು ನಾಳೆ ದೊಡ್ಡದಾದಾಗ ತನ್ನ ಊರಿನ ಪಬ್ ಉಳಿಯಲಿ ಎಂದು ಏಕೆ ಬಯಸಬೇಕು?

ಪರಿಹಾರಗಳು ದುಬಾರಿಯೂ ಅಲ್ಲ. ಯಾವ ಹೊತ್ತಿನವರೆಗೆ, ಯಾವ ಕೋಣೆಯಲ್ಲಿ ಮಕ್ಕಳಿಗೆ ಅವಕಾಶ, ಅಡುಗೆಮನೆ ಎಷ್ಟು ಗಂಟೆಗೆ ಮುಚ್ಚುತ್ತದೆ ಎಂಬುದನ್ನು ಬಾಗಿಲಲ್ಲೇ ಬರೆಯಬಹುದು. ಮಗುವಿನ ತಟ್ಟೆಯನ್ನು ದೊಡ್ಡವರ ತಟ್ಟೆಗೆ ಕಾಯಿಸದೆ ಮೊದಲು ಕಳುಹಿಸಬಹುದು. ಹಸಿದ ಮಗು ಅರ್ಧ ಗಂಟೆ ಸುಮ್ಮನೆ ಕೂರಲಾರದು, ಅದು ಅತ್ತಾಗ ತೊಂದರೆ ಎಲ್ಲರಿಗೂ. ಪಟ್ಟಿಯಲ್ಲಿರುವ ಯಾವುದೇ ಊಟದ ಅರ್ಧ ಪಾಲು ಕೊಡಬಹುದು. ಎರಡು ಹೈಚೇರ್‌ಗಳನ್ನು ಒರೆಸಿ ಇಟ್ಟಿರಬಹುದು. ಬಿಸಿನೀರನ್ನು ಕೌಂಟರಿನಿಂದಾಚೆ ಕೊಡಲು ಅಂಜಿಕೆಯಾದರೆ ಸಿಬ್ಬಂದಿಯೇ ಬಾಟಲಿಯನ್ನು ಬೆಚ್ಚಗಿನ ನೀರಿನಲ್ಲಿಟ್ಟು ತಂದುಕೊಡಬಹುದು. ಇದಾವುದಕ್ಕೂ ಕಟ್ಟಡ ಒಡೆಯಬೇಕಿಲ್ಲ.

ನಮ್ಮ ನಾಡಿಗೂ ಇದರಲ್ಲಿ ಪಾಠವಿದೆ. ಕರ್ನಾಟಕದ ಊರೂರುಗಳ ‘ಬಾರ್ ಅಂಡ್ ರೆಸ್ಟೋರೆಂಟ್’ ಫಲಕದ ಕೆಳಗೆ ‘ಫ್ಯಾಮಿಲಿ ರೂಮ್ ಇದೆ’ ಎಂಬ ಸಾಲನ್ನು ನಾವೆಲ್ಲ ಓದಿದ್ದೇವೆ. ಹೆಸರೂ ಅದೇ, ಬಹಳಷ್ಟು ಕಡೆ ಅವಸ್ಥೆಯೂ ಇಂಗ್ಲೆಂಡಿನ ಆ ಹಿಂಬದಿಯ ಕೋಣೆಯದೇ: ಪರದೆ ಎಳೆದ, ಗಾಳಿಯಾಡದ, ಮಾಣಿ ಮರೆತುಹೋಗುವ ಮೂಲೆ. ಕಳೆದ ಒಂದೂವರೆ ದಶಕದಲ್ಲಿ ಬೆಂಗಳೂರಿನಲ್ಲಿ ತಲೆಯೆತ್ತಿದ ಮೈಕ್ರೊಬ್ರೂವರಿಗಳಿಗೆ ಭಾನುವಾರ ಮಧ್ಯಾಹ್ನ ಮಕ್ಕಳನ್ನು ಕಟ್ಟಿಕೊಂಡು ಊಟಕ್ಕೆ ಹೋಗುವವರು ಈಗ ಕಡಿಮೆಯಿಲ್ಲ. ಮಕ್ಕಳನ್ನು ಅಲ್ಲಿಗೆ ಕರೆದೊಯ್ಯಬೇಕೇ ಎಂಬ ಚರ್ಚೆ ಬೇರೆಯದು, ಅದು ನಡೆಯಲಿ. ಬಿಟ್ಟುಕೊಂಡ ಮೇಲೆ ಅವರನ್ನು ಅತಿಥಿಗಳಂತೆ ಕಾಣಬೇಕೆಂಬುದರಲ್ಲಿ ಚರ್ಚೆಗೆ ಎಡೆಯಿಲ್ಲ. ನಮ್ಮ ಸಾಧಾರಣ ಹೋಟೆಲಿನ ಮಾಣಿ, ಮಗುವನ್ನು ಕಂಡೊಡನೆ ಕೇಳದೆಯೇ ಸಣ್ಣ ತಟ್ಟೆ, ಚಮಚ ತಂದಿಡುತ್ತಾನೆ, ‘ಮಗೂಗೆ ಖಾರ ಬೇಡ ಅಲ್ವಾ ಅಮ್ಮ’ ಎನ್ನುತ್ತಾನೆ. ಆ ನಡವಳಿಕೆಯನ್ನು ಅವನಿಗೆ ಯಾವ ತರಬೇತಿ ಸಂಸ್ಥೆಯೂ ಕಲಿಸಿದ್ದಲ್ಲ.

ಅಂದು ನಾವು ಊಟ ಮಾಡದೆ ಹೊರಬಿದ್ದು, ಎರಡು ಮೈಲಿ ದೂರದ ಮತ್ತೊಂದು ಪಬ್ಬಿಗೆ ಹೋದೆವು. ಅಲ್ಲಿ ಅಡುಗೆಮನೆ ಮುಚ್ಚಿ ಹತ್ತು ನಿಮಿಷವಾಗಿತ್ತು. ಆದರೂ ಕೌಂಟರಿನ ಹುಡುಗಿ ಒಳಗೆ ಹೋಗಿ ಕೇಳಿಕೊಂಡು ಬಂದು, ‘ಸೂಪ್ ಮತ್ತು ಬ್ರೆಡ್ ಕೊಡಬಲ್ಲೆವು, ಅಷ್ಟೇ’ ಎಂದಳು. ಮಗನ ಬಾಟಲಿಯನ್ನು ತಾನೇ ತೆಗೆದುಕೊಂಡು ಹೋಗಿ ಬೆಚ್ಚಗೆ ಮಾಡಿ ತಂದಳು. ಹೊರಡುವಾಗ ಅಮ್ಮ ಅವಳ ತಲೆಯ ಮೇಲೆ ಕೈಯಿಟ್ಟು ಕನ್ನಡದಲ್ಲೇ ಹರಸಿದರು. ಹುಡುಗಿಗೆ ಮಾತು ತಿಳಿಯದಿದ್ದರೂ ನಾಚಿ ನಕ್ಕಳು. ಮೊದಲಿನ ಪಬ್ಬಿನಲ್ಲಿದ್ದ ಕಾನೂನೇ ಇಲ್ಲಿಯೂ ಇತ್ತು. ಆ ವರ್ಷ ನಾವು ಹಲವು ಭಾನುವಾರ ಊಟಕ್ಕೆ ಹೋದದ್ದು ಈ ಎರಡನೆಯ ಮನೆಗೆ.