ಗೆರೆ ಎಳೆಯುವ ಮುನ್ನ

ಘಟ್ಟ ಇಳಿಯುವ ರಸ್ತೆಗೆ ಜಾಡು ಹುಡುಕುವಾಗ ಎಂಜಿನಿಯರುಗಳು ಬಹುಕಾಲ ನೋಡುತ್ತಿದ್ದ ಲೆಕ್ಕ ಮೂರು: ಉದ್ದ ಎಷ್ಟು, ಏರು ಎಷ್ಟು, ಸೇತುವೆ ಎಷ್ಟು. ಸರ್ವೆ ಆಫ್ ಇಂಡಿಯಾದ ಟೋಪೋಶೀಟನ್ನು ಮೇಜಿನ ಮೇಲೆ ಹರಡಿ ಎತ್ತರದ ಗೆರೆಗಳ ನಡುವೆ ಪೆನ್ಸಿಲ್ ಓಡಿಸಿದರೆ ಅರ್ಧ ಕೆಲಸ ಮುಗಿದಂತೆಯೇ. ಆನೆ ನಡೆಯುವ ದಾರಿ, ಹಳ್ಳ ಹುಟ್ಟುವ ಜಾಗ, ಜರಿಯುವ ಮಣ್ಣು ಇವಕ್ಕೆ ಆ ಲೆಕ್ಕದಲ್ಲಿ ಖಾತೆಯೇ ಇರಲಿಲ್ಲ. ನಷ್ಟ ಆಗುತ್ತಿರಲಿಲ್ಲವೆಂದಲ್ಲ; ಅದನ್ನು ಇಲಾಖೆ ತುಂಬಿಕೊಡಬೇಕಿರಲಿಲ್ಲ, ಅಷ್ಟೆ.

ಆ ಖಾತೆ ತೆರೆದವರಲ್ಲಿ ಭೂದೃಶ್ಯ ವಿನ್ಯಾಸಕ ಇಯಾನ್ ಮೆಕ್‌ಹಾರ್ಗ್ ಪ್ರಮುಖರು. 1960ರ ದಶಕದಲ್ಲಿ ನ್ಯೂಯಾರ್ಕಿನ ಸ್ಟೇಟನ್ ದ್ವೀಪದಲ್ಲಿ ರಿಚ್ಮಂಡ್ ಪಾರ್ಕ್‌ವೇ ಎಂಬ ಹೆದ್ದಾರಿಯನ್ನು ಹಸಿರು ಪಟ್ಟಿಯ ಕಾಡು ಸೀಳಿಕೊಂಡು ಒಯ್ಯುವ ಯೋಜನೆಯಿತ್ತು. ಮೆಕ್‌ಹಾರ್ಗ್ ಪಾರದರ್ಶಕ ಹಾಳೆಗಳನ್ನು ತೆಗೆದುಕೊಂಡು ಇಳಿಜಾರು, ನೀರಿನ ಹರಿವು, ಕಾಡು, ಜನವಸತಿ, ಚಾರಿತ್ರಿಕ ಸ್ಥಳ ಹೀಗೆ ಒಂದೊಂದಕ್ಕೂ ಒಂದೊಂದು ನಕ್ಷೆ ಮಾಡಿಸಿದರು. ಕಳೆದುಕೊಳ್ಳಬಾರದ ಜಾಗಕ್ಕೆ ಗಾಢ ಬಣ್ಣ, ಉಳಿದದ್ದಕ್ಕೆ ತೆಳು. ಎಲ್ಲವನ್ನೂ ಒಂದರ ಮೇಲೊಂದಿಟ್ಟು ನೋಡಿದಾಗ ತಿಳಿಯಾಗಿ ಉಳಿದ ಓಣಿಯೇ ರಸ್ತೆಯ ಜಾಡು. ಅದು ಹಸಿರು ಪಟ್ಟಿಯ ಪಶ್ಚಿಮಕ್ಕೆ ಸರಿದಿತ್ತು. ನಾಗರಿಕರ ವಿರೋಧವೂ ಜೊತೆಗೂಡಿ, ಕಾಡಿನೊಳಗಿನ ಹೆದ್ದಾರಿ ಕಡೆಗೂ ಬರಲಿಲ್ಲ.

ಇಂದಿನ ಜಿಐಎಸ್, ಅಂದರೆ ಭೌಗೋಳಿಕ ಮಾಹಿತಿ ವ್ಯವಸ್ಥೆ, ಅದೇ ಹಾಳೆಗಳನ್ನು ಕಂಪ್ಯೂಟರಿನಲ್ಲಿ ಜೋಡಿಸುತ್ತದೆ. ಹಾಳೆ ತುಂಬುವ ಕೆಲಸ ಬಹುಪಾಲು ಉಪಗ್ರಹಗಳದು. 1988ರಲ್ಲಿ ಹಾರಿದ ನಮ್ಮ ಐಆರ್‌ಎಸ್-1ಎ ಉಪಗ್ರಹದ ಒಳ್ಳೆಯ ಕ್ಯಾಮೆರಾಕ್ಕೂ ಸುಮಾರು 36 ಮೀಟರ್ ಅಗಲದ ಚೌಕಕ್ಕಿಂತ ಚಿಕ್ಕದು ಬಿಡಿಯಾಗಿ ಕಾಣುತ್ತಿರಲಿಲ್ಲ. 2005ರ ಕಾರ್ಟೊಸ್ಯಾಟ್-1ರಲ್ಲಿ ಆ ಚೌಕ 2.5 ಮೀಟರಿಗೆ ಇಳಿಯಿತು. ಅದಕ್ಕಿಂತ ದೊಡ್ಡ ಲಾಭ, ಅದರಲ್ಲಿದ್ದ ಜೋಡಿ ಕ್ಯಾಮೆರಾ: ಒಂದು 26 ಡಿಗ್ರಿ ಮುಂದಕ್ಕೆ ವಾಲಿತ್ತು, ಇನ್ನೊಂದು 5 ಡಿಗ್ರಿ ಹಿಂದಕ್ಕೆ. ನಮ್ಮ ಎರಡು ಕಣ್ಣು ಸೇರಿ ದೂರ ಅಳೆಯುವ ಹಾಗೆ, ಒಂದೇ ಗುಡ್ಡದ ಎರಡು ಕೋನದ ಚಿತ್ರಗಳಿಂದ ಎತ್ತರ ತೆಗೆಯಬಹುದು. ಎತ್ತರ ಗೊತ್ತಾದರೆ ಇಳಿಜಾರು ಗೊತ್ತಾಯಿತು. ಅದರಿಂದ ಮಳೆನೀರು ಎತ್ತ ಹರಿದು ಎಲ್ಲಿ ಕೂಡುತ್ತದೆಂಬುದೂ ಗೊತ್ತಾಯಿತು. ಎಲ್ಲಿ ಮೋರಿ ಬೇಕು, ಎಲ್ಲಿ ಸೇತುವೆಯೇ ಬೇಕು ಎಂಬ ಅಂದಾಜು ಸ್ಥಳಕ್ಕೆ ಹೋಗುವ ಮೊದಲೇ ಸಿಗುತ್ತದೆ.

ಆಮೇಲೆ ಇಡೀ ಪ್ರದೇಶವನ್ನು ಚೌಕಗಳಾಗಿ ಒಡೆದು ಪ್ರತಿ ಚೌಕ ದಾಟುವುದಕ್ಕೂ ಅಂಕ ಕಟ್ಟುತ್ತಾರೆ. ಕಡಿದಾದ ಇಳಿಜಾರಿಗೆ ಹೆಚ್ಚು, ದಟ್ಟ ಕಾಡಿಗೆ ಹೆಚ್ಚು, ಬೀಳು ನೆಲಕ್ಕೆ ಕಡಿಮೆ. ಒಟ್ಟು ಅಂಕ ಎಲ್ಲಕ್ಕಿಂತ ಕಡಿಮೆ ಬೀಳುವ ಸಾಲನ್ನು ಕಂಪ್ಯೂಟರು ಹುಡುಕಿ ಕೊಡುತ್ತದೆ. ಡಚ್ ವಿಜ್ಞಾನಿ ಡೈಕ್‌ಸ್ಟ್ರಾ 1959ರಲ್ಲಿ ಪ್ರಕಟಿಸಿದ ಲೆಕ್ಕದ ವಿಧಾನ ಇದರ ಬುನಾದಿ.

ಅಂಕ ಕೊಡುವವರು ಮಾತ್ರ ಮನುಷ್ಯರು. ಕಾಡಿನ ಅಂಕ ಅರ್ಧಕ್ಕಿಳಿಸಿ ಉದ್ದದ ಅಂಕ ಏರಿಸಿದರೆ, ಅದೇ ಉಪಗ್ರಹದ ಚಿತ್ರ ಇಟ್ಟುಕೊಂಡೇ ಅದೇ ಕಂಪ್ಯೂಟರು ಅಭಯಾರಣ್ಯದ ನಡುಮಧ್ಯೆ ಗೆರೆ ಎಳೆದುಕೊಟ್ಟೀತು, ಅಂದವಾದ ಬಣ್ಣದ ನಕ್ಷೆ ಸಮೇತ. 'ವೈಜ್ಞಾನಿಕವಾಗಿ ಆರಿಸಿದ ಮಾರ್ಗ' ಎಂದು ಯಾರಾದರೂ ಹೇಳಿದರೆ ನಾನು ಮೊದಲು ಕೇಳುವುದು ಅಂಕಪಟ್ಟಿ, ನಕ್ಷೆ ಆಮೇಲೆ.

ಚೌಕದೊಳಗೆ ಏನಿದೆ ಎಂಬುದೂ ಸುಲಭದ ಮಾತಲ್ಲ. ಉತ್ತರ ಕನ್ನಡವನ್ನು ಮೇಲಿಂದ ನೋಡಿದರೆ ಅಕೇಶಿಯಾ ನೆಡುತೋಪು, ಅಡಿಕೆ ತೋಟ, ಸೊಪ್ಪಿನ ಬೆಟ್ಟ, ನಿತ್ಯಹರಿದ್ವರ್ಣದ ಕಾನು ಎಲ್ಲವೂ ಹಸಿರೇ. ಬೇರೆ ಬೇರೆ ತಿಂಗಳ ಅವಕೆಂಪು ಚಿತ್ರಗಳನ್ನು ಹೋಲಿಸಿ ಎಲೆ ಉದುರಿಸುವ ಕಾಡನ್ನು ಬೇರೆ ಮಾಡಬಹುದು. ತೋಟ, ಕಾನು ಒತ್ತಿಕೊಂಡಿರುವ ಕಡೆ ಎರಡನ್ನೂ ಬಿಡಿಸುವುದು ಕಷ್ಟ. ಮಳೆಗಾಲದಲ್ಲಂತೂ ಬರೀ ಮೋಡ. ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನಲ್ಲಿರುವಂಥ ರಾಂಪತ್ರೆ ಜಡ್ಡಿಗಳು ಮರಗಳ ಚಪ್ಪರದಡಿಯ ಕೆಸರು ನೆಲಗಳು, ಒಂದೊಂದೂ ಚಿಕ್ಕದು. ಉಪಗ್ರಹಕ್ಕೆ ಅವು ಸಿಗುವುದಿಲ್ಲ. 2000ದಲ್ಲಿ ಹೊಸ ಪ್ರಭೇದವೆಂದು ಹೆಸರು ಪಡೆದ ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಮರ ಸಿಕ್ಕಿದ್ದು ಆ ಕೆಸರಿಗೆ ಇಳಿದವರಿಗೆ. ಜಿಪಿಎಸ್ ಹಿಡಿದು ನಡೆದು, ಊರವರನ್ನು ಕೇಳಿ ಇಂಥವನ್ನು ಗುರುತಿಸದಿದ್ದರೆ ಆ ಚೌಕಕ್ಕೆ ಬೀಳುವುದು ಮಾಮೂಲಿ ಕಾಡಿನ ಅಂಕವೇ.

ನಕ್ಷೆಯ ಅಳತೆಯ ಪ್ರಶ್ನೆಯೂ ಇದೆ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66ರಲ್ಲಿದ್ದ ಜನರನ್ನೂ ವಾಹನಗಳನ್ನೂ ಗಂಗಾವಳಿ ನದಿಗೆ ನೂಕಿತು. ಅತ್ತ ನದಿ, ಇತ್ತ ಗುಡ್ಡ, ನಡುವಿನ ಇಕ್ಕಟ್ಟಿನಲ್ಲಿ ರಸ್ತೆ ಅಗಲಕ್ಕೆಂದು ಬುಡ ಕಡಿದ ಧರೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ದೇಶದ ಕುಸಿಯಬಲ್ಲ ಗುಡ್ಡಗಾಡಿಗೆಲ್ಲ ಮಾಡಿರುವ ಭೂಕುಸಿತ ಸಾಧ್ಯತೆಯ ನಕ್ಷೆಗಳು 1:50,000 ಅಳತೆಯವು; ಅಲ್ಲಿ ಒಂದು ಸೆಂಟಿಮೀಟರ್ ಅಂದರೆ ನೆಲದ ಮೇಲೆ ಅರ್ಧ ಕಿಲೋಮೀಟರ್. ಯಾವ ಸೀಮೆ ಅಪಾಯದ್ದೆಂದು ಅವು ಹೇಳಬಲ್ಲವು. ಇಂಥ ಧರೆಯನ್ನು ಯಾವ ಓರೆಯಲ್ಲಿ ಕಡಿಯಬೇಕು, ಕಡಿಯಲೇಬಾರದೇ ಎಂದು ಹೇಳಲಾರವು. ಅದಕ್ಕೆ ಡ್ರೋನ್, ಲೇಸರ್ ಅಳತೆ, ನೆಲ ಕೊರೆದು ತೆಗೆದ ಮಣ್ಣಿನ ಪರೀಕ್ಷೆ ಬೇಕು. ಗುಡ್ಡ ಮೆಲ್ಲಮೆಲ್ಲಗೆ ಸರಿಯುವುದನ್ನು ಮೋಡದ ಮರೆಯಲ್ಲೂ ಪತ್ತೆಹಚ್ಚುವ ಕೆಲಸಕ್ಕೆ ರಾಡಾರ್ ಉಪಗ್ರಹಗಳಿವೆ; 2025ರ ಜುಲೈನಲ್ಲಿ ಶ್ರೀಹರಿಕೋಟದಿಂದ ಹಾರಿದ ನೈಸಾರ್ ಅಂಥದ್ದು.

ರಸ್ತೆ ಆಗಿಹೋದ ಮೇಲೆ ಉಳಿಯುವ ದಾರಿಗಳು ಕಡಿಮೆ. ಬಂಡೀಪುರದ ಕಾಡಿನೊಳಗಿನ ಹೆದ್ದಾರಿಯಲ್ಲಿ ಪ್ರಾಣಿಗಳ ರಕ್ಷಣೆಗೆಂದು 2009ರಿಂದ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಸಂಚಾರ ನಿಷೇಧವಿದೆ. ಅದಕ್ಕೂ ಸಾಕಷ್ಟು ಜಗಳ ನಡೆದಿದೆ.

ಅರಣ್ಯಭೂಮಿ ಕೇಳುವ ಯೋಜನೆಯವರು ಇಂದು ಕೇಂದ್ರದ ಪರಿವೇಶ್ ಜಾಲತಾಣದಲ್ಲಿ ಅರ್ಜಿಯ ಜೊತೆ ಮಾರ್ಗದ ಕೆಎಂಎಲ್ ಕಡತ, ಅಂದರೆ ಗೆರೆಯ ಅಕ್ಷಾಂಶ-ರೇಖಾಂಶಗಳ ಡಿಜಿಟಲ್ ಕಡತ, ಹಾಕಬೇಕು. ಅದನ್ನು ಉಪಗ್ರಹ ಚಿತ್ರದ ಮೇಲೆ ಹೊದಿಸಿ ನೋಡಬಹುದು. ಒಳ್ಳೆಯದೇ. ಆದರೆ ಅಷ್ಟು ಹೊತ್ತಿಗೆ ಗೆರೆ ಒಂದೇ ಉಳಿದಿರುತ್ತದೆ. ಪರ್ಯಾಯ ಮಾರ್ಗಗಳ ಅಧ್ಯಾಯ ಎಷ್ಟೋ ವರದಿಗಳಲ್ಲಿ ಸೋಲಿಸಲೆಂದೇ ಬರೆದಂತಿರುತ್ತದೆ. ಸಾರ್ವಜನಿಕ ಅಹವಾಲು ಸಭೆಗೆ ಹೋಗುವವರು ಅಲ್ಲಿ ಕೇಳಬೇಕಾದ್ದು ಇಷ್ಟು: ಬಿಟ್ಟುಬಿಟ್ಟ ಗೆರೆಗಳ ಕಡತ ಎಲ್ಲಿ, ಕಾಡಿಗೆ, ಹಳ್ಳಕ್ಕೆ, ಇಳಿಜಾರಿಗೆ ಎಷ್ಟೆಷ್ಟು ಅಂಕ ಹಾಕಿದ್ದೀರಿ, ಹಾಕಿದವರು ಯಾರು?