ರಿಲೇ ಬೋರ್ಡಿನ ಪುಟ್ಟ ಜಂಪರ್

ಕಕ್ಷಿದಾರರೊಬ್ಬರ ಸಣ್ಣ ಕಾರ್ಖಾನೆಯ ಲೆಕ್ಕ ಪರಿಶೋಧಿಸುವಾಗ 'ಯಂತ್ರ ದುರಸ್ತಿ' ಖಾತೆಯಲ್ಲಿ ಒಂದೇ ವರ್ಷ ಮೂರು ಬಾರಿ ಆರ್ಡುಯಿನೊ ಬೋರ್ಡಿನ ಖರೀದಿ ಕಂಡುಬಂದಿತು. ಮೊತ್ತ ಅಲ್ಪ, ಆದರೆ ನಿಂತ ಕೆಲಸಕ್ಕೆ ನಮ್ಮ ಪುಸ್ತಕಗಳಲ್ಲಿ ಖಾತೆಯೇ ಇಲ್ಲ. ವಿಚಾರಿಸಲಾಗಿ, ಮಾಲೀಕರ ಮಗ ಹವ್ಯಾಸಕ್ಕೆಂದು ಜೋಡಿಸಿದ್ದ ಸಾಧನವೇ ನೀರಿನ ಪಂಪನ್ನು ನಡೆಸುತ್ತಿತ್ತು. "ಆಪ್ಟೋಕಪ್ಲರ್ ಇದೆಯಲ್ಲ ಸರ್, ಆದರೂ ಕೆಡುತ್ತದೆ" ಎಂದನಾತ.

ಪರಿಚಿತ ಪ್ಯಾನೆಲ್ ತಯಾರಕರೊಬ್ಬರು ನೋಡಿ ಜಂಪರಿನತ್ತ ಬೆರಳು ತೋರಿದರು. ಆಪ್ಟೋಕಪ್ಲರಿನೊಳಗೆ ಒಂದು ಎಲ್‌ಇಡಿ, ಎದುರಿಗೆ ಬೆಳಕನ್ನು ಗ್ರಹಿಸುವ ಟ್ರಾನ್ಸಿಸ್ಟರ್; ನಡುವೆ ದಾಟುವುದು ಬೆಳಕು ಮಾತ್ರ. ಸಾಮಾನ್ಯ ಬಳಕೆಯ ಪಿಸಿ817 ಸುಮಾರು 5000 ವೋಲ್ಟ್ ತಡೆಯಬಲ್ಲದು. ಆದರೆ ವಿಸಿಸಿ ಹಾಗೂ ಜೆಡಿ-ವಿಸಿಸಿ ಪಿನ್ನುಗಳನ್ನು ಜಂಪರ್ ಕೂಡಿಸಿದ್ದರೆ ಎರಡೂ ಬದಿಗೆ ಒಂದೇ ವಿದ್ಯುತ್ ಮೂಲ; ಗೋಡೆ ಕಟ್ಟಿ ಬಾಗಿಲು ತೆರೆದಿಟ್ಟಂತೆ! ಜಂಪರ್ ತೆಗೆದು, ರಿಲೇಗೆ ಪ್ರತ್ಯೇಕ 5 ವೋಲ್ಟ್ ಅಡಾಪ್ಟರನ್ನು ಜೆಡಿ-ವಿಸಿಸಿ ಮತ್ತು ಗ್ರೌಂಡ್‌ಗೆ ಕೊಡಬೇಕು. ಆರ್ಡುಯಿನೊದಿಂದ ವಿಸಿಸಿ ಮತ್ತು ಸಂಕೇತದ ತಂತಿಗಳಷ್ಟೇ ಬರಬೇಕು. ಅದರ ಗ್ರೌಂಡನ್ನು ಇಲ್ಲಿ ಸೇರಿಸಕೂಡದು. ಅಡಾಪ್ಟರಿನ ಬೆಲೆ ಕೆಟ್ಟ ಒಂದು ಬೋರ್ಡಿಗಿಂತ ಹೆಚ್ಚಲ್ಲ.

ಇನ್ನೊಂದು ತಪ್ಪೂ ಅಲ್ಲಿಯೇ ಇತ್ತು. ರಿಲೇ ಮೇಲೆ ಮುದ್ರಿಸಿದ 10 ಆಂಪಿಯರ್ ಹೀಟರಿನಂತಹ ಹೊರೆಗೆ ಸಂಬಂಧಿಸಿದ್ದು. ಮೋಟಾರು ಪ್ರಾರಂಭವಾಗುವಾಗ ಚಾಲನೆಯ ಕರೆಂಟಿನ ಹಲವು ಪಟ್ಟು ಎಳೆಯುವುದರಿಂದ ಸಂಪರ್ಕಗಳು ಬೆಸೆದುಕೊಳ್ಳಬಹುದು. ಆಗ ಪಂಪು ನಿಲ್ಲುವುದೇ ಇಲ್ಲ. ಆದ್ದರಿಂದ ರಿಲೇ ಕಾಂಟ್ಯಾಕ್ಟರನ್ನಷ್ಟೇ ನಡೆಸಲಿ, ಮೋಟಾರನ್ನು ಕಾಂಟ್ಯಾಕ್ಟರ್ ನಡೆಸಲಿ. ಈ ಜೋಡಣೆಯನ್ನು ಮಾತ್ರ ಪರವಾನಗಿ ಪಡೆದ ಎಲೆಕ್ಟ್ರಿಷಿಯನ್‌ರಿಂದಲೇ ಮಾಡಿಸತಕ್ಕದ್ದು.